ಟಾಕಿಗೆ ಉಡಿ ತುಂಬಿದ್ದೆವು

ನೀರಿನ ಟಾಕಿಯೊಳಗೆ ಹಾಲು ಸುರಿದವಳು ನಾನೇ. ಇದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಇಲ್ಲದಿದ್ದರೆ ಮುಂದೆ ನೀವು ನೀಲಗಂಗವ್ವನನ್ನು ನೋಡಿ ನಗುತ್ತೀರಿ, ಈ ಸುಮಿತ್ರವ್ವ ಮಾತ್ರ ಬಹಳ ಜಾಣೆ ಅಂದುಕೊಳ್ಳುತ್ತೀರಿ. ಹಾಗೇನೂ ಇಲ್ಲ. ಆ ದಿನ ನಮ್ಮ ಓಣಿಯಲ್ಲಿ ಜಾಣರು ಅನ್ನಿಸಿಕೊಳ್ಳುವವರು ಒಬ್ಬರೂ ಇರಲಿಲ್ಲ.

ನಮ್ಮದು ಲಕ್ಷ್ಮೇಶ್ವರ ತಾಲೂಕಿನ ಅಡರಕಟ್ಟಿ. ನಾನು ಇಲ್ಲಿಯ ಹೆಣ್ಣುಮಕ್ಕಳ ಸ್ವಸಹಾಯ ಸಂಘದ ಅಧ್ಯಕ್ಷೆ. ನೀಲಗಂಗವ್ವ ನಮ್ಮ ಗೋಡೆಗೆ ಗೋಡೆ ಹಚ್ಚಿದ ಮನೆಯಾಕೆ. ಎಪ್ಪತ್ತಮೂರು ವರ್ಷ. ಆಕೆಗೆ ಒಂದೇ ಹಟ, ಮನೆಯ ನೀರು ಬಿಟ್ಟು ಬೇರೆ ನೀರು ಕುಡಿಯುವುದಿಲ್ಲ. ನೀರು ಬದಲಾದರೆ ಗಂಟಲು ಹಿಡಿಯುತ್ತದೆ, ಹೊಟ್ಟೆ ಕೆಡುತ್ತದೆ ಎಂದು ನಮ್ಮ ಕಡೆ ಎಲ್ಲರೂ ಹೇಳುತ್ತಾರೆ. ಎಲ್ಲರೂ ಬರೀ ಹೇಳುತ್ತಾರೆ, ಈಕೆ ನಡೆಸುತ್ತಾಳೆ. ಮದುವೆಗೆ ಹೋದರೂ ಬಗಲಲ್ಲಿ ಹಿತ್ತಾಳೆ ತಂಬಿಗೆ ಇರಲೇಬೇಕು. ಬೆಳಿಗ್ಗೆ ಹೊರಟರೆ ಸಂಜೆಗೆ ಮನೆ ಮುಟ್ಟಲೇಬೇಕು. ಹೀಗಾಗಿ ಗದಗ-ಬೆಟಗೇರಿ, ಶಿರಹಟ್ಟಿ, ಮುಂಡರಗಿ ಬಿಟ್ಟು ಆಚೆಗೆ ಆಕೆ ಹೋದದ್ದೇ ಇಲ್ಲ. ಒಂದು ತಂಬಿಗೆ ನೀರು ಎಷ್ಟು ದೂರ ಸಾಕಾಗುತ್ತದೋ ಅಷ್ಟೇ ಆಕೆಯ ಲೋಕ.

ಅಂಥಾಕೆಗೆ ಸಮುದ್ರ ನೋಡುವ ಆಸೆ. ಸೊಸೆ ಶೈಲಾ ಒಮ್ಮೆ ಮೊಬೈಲಿನಲ್ಲಿ ಗೋಕರ್ಣದ ದಂಡೆ ತೋರಿಸಿದ್ದಳು. ಅಂದೇ ಹಿಡಿದುಕೊಂಡಿತು ನೋಡಿ. ಜೋಳ ಹಸನು ಮಾಡುವಾಗ, ರೊಟ್ಟಿ ಬಡಿಯುವಾಗ ಅದೇ ಮಾತು. ಆ ನೀರು ದಂಡೆಗೆ ಬಂದು ಬಂದು ಹೋಗುತ್ತದಲ್ಲ, ಹೋದದ್ದು ಎಲ್ಲಿಗೆ ಹೋಗುತ್ತದೆ ಎಂದು ನನ್ನನ್ನು ಕೇಳುತ್ತಿದ್ದಳು. ನನಗೇನು ಗೊತ್ತು? ನಾನೂ ನೋಡಿರಲಿಲ್ಲ.

ಮಗ ಮುತ್ತಣ್ಣ ಇದಕ್ಕೊಂದು ದಾರಿ ಹುಡುಕಿದ. ಹುಬ್ಬಳ್ಳಿಯಲ್ಲಿ ಒಂದು ಹಳೆಯ ಮಿನಿ ಬಸ್ಸು ಕೊಂಡ. ಗದಗಿನಲ್ಲಿ ವೆಲ್ಡಿಂಗ್ ಕೆಲಸದ ರಫೀಕನ ಶೆಡ್ಡಿನಲ್ಲಿ ಎರಡು ತಿಂಗಳು ನಿಲ್ಲಿಸಿ, ಒಳಗೆ ಮಲಗುವುದಕ್ಕೆ ಜಾಗ, ಗ್ಯಾಸಿನ ಒಲೆಗೆ ಕಟ್ಟೆ, ಪಾತ್ರೆ ತೊಳೆಯಲು ಒಂದು ಬೇಸಿನ್ ಎಲ್ಲ ಮಾಡಿಸಿದ. ಬಸ್ಸಿನ ನೆತ್ತಿಯ ಮೇಲೆ ಮುನ್ನೂರು ಲೀಟರಿನ ಕರಿಯ ಪ್ಲಾಸ್ಟಿಕ್ ಟಾಕಿ. ಅಲ್ಲಿಂದ ಒಳಗಿನ ನಳಕ್ಕೆ ಒಂದು ಪೈಪು. ಊರ ಮಂದಿ ಅದಕ್ಕೆ ಮನೆಗಾಡಿ ಎಂದು ಹೆಸರಿಟ್ಟರು. ಇನ್ನು ನೀಲಗಂಗವ್ವ ಮನೆಯ ನೀರನ್ನು ತಲೆಯ ಮೇಲೆ ಹೊತ್ತುಕೊಂಡು ಎಲ್ಲಿಗೆ ಬೇಕಾದರೂ ಹೋಗಬಹುದಿತ್ತು.

ಗಾಡಿ ಮನೆಗೆ ಬಂದ ಶುಕ್ರವಾರ ನಾವು ಟಾಕಿಗೆ ನೀರು ತುಂಬಿ ಪೂಜೆ ಮಾಡಿದೆವು. ಹೊಸ ಬೋರಿಗೆ ನೀರು ಬಂದಾಗ ನೀರಿನ ದೇವಿ ಗಂಗವ್ವನಿಗೆ ಉಡಿ ತುಂಬುತ್ತೇವಲ್ಲ, ಹಾಗೆಯೇ ಟಾಕಿಗೂ ತುಂಬಬೇಕು ಎಂದಳು ನೀಲಗಂಗವ್ವ. ತಪ್ಪೇನಿದೆ ಎಂದೆವು ನಾವು. ಮುತ್ತಣ್ಣ ಮೇಲೆ ಹತ್ತಿ ಮುಚ್ಚಳ ತೆಗೆದ. ನಾವು ಕೆಳಗಿನಿಂದ ಒಂದೊಂದೇ ಕೊಟ್ಟೆವು. ಅಕ್ಕಿ, ಎಲೆ ಅಡಿಕೆ, ಉತ್ತತ್ತಿ, ಅರಿಷಿಣದ ಕೊಂಬು, ಬಾಳೆಹಣ್ಣು, ಸೇವಂತಿಗೆ ಹೂ, ಕುಂಕುಮ. ಎಲ್ಲ ಟಾಕಿಯೊಳಗೆ ಹೋಯಿತು. ಕೊನೆಗೆ ನಾನೂ ಏಣಿ ಹತ್ತಿ, ಒಂದು ಬಟ್ಟಲು ಹಸಿ ಹಾಲು ನನ್ನ ಕೈಯಾರೆ ಸುರಿದೆ. ಹಾಡೂ ಹೇಳಿದೆ. ನನ್ನ ದನಿ ಚೆನ್ನಾಗಿದೆ ಎಂದು ಎಲ್ಲರೂ ಹೊಗಳಿದರು.

ಮರುದಿನವೇ ಹೊರಟಿದ್ದರೆ ಏನಾಗುತ್ತಿತ್ತೋ. ಆದರೆ ಮೆಣಸಿನಕಾಯಿ ಬಿಡಿಸುವ ಕೆಲಸ ಬಂದು ಹನ್ನೆರಡು ದಿನ ಗಾಡಿ ಅಂಗಳದ ಬಿಸಿಲಿನಲ್ಲೇ ನಿಂತಿತು. ಹೊರಡುವ ಮುಂಜಾನೆ ಶೈಲಾ ಹಳೆಯ ನೀರು ಚೆಲ್ಲಿ ಹೊಸದು ತುಂಬೋಣವೇ ಎಂದು ಕೇಳಿದಳು. ಪೂಜೆಯಾದ ನೀರು ತೀರ್ಥವಿದ್ದಂತೆ, ಚೆಲ್ಲಬಾರದು ಎಂದು ಅತ್ತೆ ಹೇಳಿದಳು. ಹೌದೌದು ಎಂದು ನಾನೂ ತಲೆ ಆಡಿಸಿದೆ. ಟಾಕಿ ಕಾಲುಭಾಗ ಖಾಲಿ ಇತ್ತು. ಎಮ್ಮೆ ಮೈತೊಳೆಯುವ ಹಸಿರು ಪೈಪು ಅಲ್ಲೇ ಬಿದ್ದಿತ್ತು. ಮುತ್ತಣ್ಣ ಅದನ್ನೇ ಎತ್ತಿ ಟಾಕಿಯೊಳಗೆ ಇಳಿಬಿಟ್ಟು ನಳ ತಿರುವಿದ.

ಸಮುದ್ರಕ್ಕೆ ಹೋಗುವ ಮೊದಲು ಗಾಡಿಯನ್ನೊಮ್ಮೆ ಪರೀಕ್ಷೆ ಮಾಡೋಣ ಎಂದು ಹಂಪಿಗೆ ಹೊರಟೆವು. ನೀಲಗಂಗವ್ವ, ಮುತ್ತಣ್ಣ, ಶೈಲಾ, ನಾನು, ಒಟ್ಟು ನಾಲ್ಕು ಜನ. ನಳದ ನೀರಿನಲ್ಲಿ ಒಂದು ಥರದ ವಾಸನೆ ಇತ್ತು, ಸುಳ್ಳು ಹೇಳುವುದಿಲ್ಲ. ಅರಿಷಿಣದ್ದಿರಬೇಕು ಎಂದುಕೊಂಡು ಕಣ್ಣಿಗೆ ಒತ್ತಿಕೊಂಡು ಕುಡಿದೆವು. ಮರುದಿನ ಬೆಳಿಗ್ಗೆ ವಿರೂಪಾಕ್ಷನ ಗುಡಿಯ ಮುಂದೆ ನಿಂತು ನಾವು ಮೂವರು ಹೆಂಗಸರು ಕೇಳಿದ್ದು ಒಂದೇ ಪ್ರಶ್ನೆ, ಶೌಚಾಲಯ ಎಲ್ಲಿದೆ ಎಂದು. ಗೋಪುರವನ್ನು ಕಣ್ಣೆತ್ತಿ ನೋಡಿದವರಿಲ್ಲ. ಮಧ್ಯಾಹ್ನದ ಹೊತ್ತಿಗೆ ನೀಲಗಂಗವ್ವನಿಗೆ ಎದ್ದು ನಿಲ್ಲುವ ಶಕ್ತಿಯೂ ಇರಲಿಲ್ಲ. ಗಾಡಿ ತಿರುಗಿಸಿ, ಕೊಪ್ಪಳದಲ್ಲಿ ಡಾಕ್ಟರರೊಬ್ಬರ ಹತ್ತಿರ ಆಕೆಗೆ ಸಲಾಯನ್ ಹಚ್ಚಿಸಿ, ಮನೆ ಮುಟ್ಟುವಷ್ಟರಲ್ಲಿ ನಮ್ಮ ಮೋರೆಗಳನ್ನು ನೋಡುವಂತಿರಲಿಲ್ಲ.

ಊರು ಸುಮ್ಮನಿರುತ್ತದೆಯೇ? ಆ ಗಾಡಿಯ ಕಾಲ್ಗುಣ ಸರಿಯಿಲ್ಲ ಎಂದರು ಕೆಲವರು. ಯಾರದೋ ಕಣ್ಣು ಬಿದ್ದಿದೆ ಎಂದರು ಇನ್ನು ಕೆಲವರು. ನಾನು ಮಾತ್ರ ಹೋಗುವಾಗ ಕೊಪ್ಪಳದಲ್ಲಿ ತಿಂದ ಮಿರ್ಚಿ ಭಜಿಯದೇ ತಪ್ಪು ಎಂದು ಎಲ್ಲರಿಗೂ ಸಾರಿದೆ. ಮುತ್ತಣ್ಣನಿಗೆ ಬೇಸರ ಹತ್ತಿಹೋಯಿತು. ತಾಯಿಯ ಜೀವಕ್ಕೆ ಕುತ್ತು ತಂದ ಗಾಡಿ ಬೇಡ ಎಂದು ಮಾರಲು ನಿಂತ. ಶಿರಹಟ್ಟಿಯ ಗವಿಸಿದ್ದೇಶ ಎಂಬಾತ ಚುರುಮುರಿ ಗಿರಮಿಟ್ ಮಾರುವ ಓಡಾಡುವ ಅಂಗಡಿ ಮಾಡಲು ಅಂಥದ್ದೇ ಗಾಡಿ ಹುಡುಕುತ್ತಿದ್ದ. ಐತವಾರ ಬಂದು ಮಾತು ಮುಗಿಸುತ್ತೇನೆ ಎಂದು ಹೇಳಿಕಳಿಸಿದ.

ಆ ಖಬರು ಬಂದಾಗ ನೀಲಗಂಗವ್ವ ಕಟ್ಟೆಯ ಮೇಲೆ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದಳು. ತಲೆ ಎತ್ತಲಿಲ್ಲ.

"ಹೋಗ್ಲಿ ಬಿಡ ಸುಮಿತ್ರಿ. ಎಲ್ಲಾರ ಹಣೇಬರದಾಗ ಸಮುದ್ರ ಇರಂಗಿಲ್ಲ" ಎಂದಳು.

ಅಷ್ಟು ವರ್ಷ ಪಕ್ಕದ ಮನೆಯಲ್ಲಿದ್ದು ಆಕೆಯ ದನಿ ಅಷ್ಟು ಸಣ್ಣದಾದದ್ದನ್ನು ನಾನು ಕೇಳಿರಲಿಲ್ಲ. ನನಗೆ ಬಹಳ ಕೆಟ್ಟದೆನಿಸಿತು.

ಮರುದಿನ ಗುರುವಾರ. ನಮ್ಮ ಓಣಿಗೆ ಪ್ರಿಯಾಂಕಾ ಬಂದಳು. ಊರಿನ ಆಚೆ ಕೇರಿಯ ಹುಲಿಗೇಶನ ಹೆಂಡತಿ. ನೀರು ಪರೀಕ್ಷೆ ಮಾಡುವುದಕ್ಕೆ ಪಂಚಾಯಿತಿಯವರು ತರಬೇತಿ ಕೊಟ್ಟ ಹೆಣ್ಣುಮಕ್ಕಳಲ್ಲಿ ಆಕೆ ಒಬ್ಬಳು. ಹೆಗಲಿಗೆ ಒಂದು ಚೀಲ, ಅದರೊಳಗೆ ಸಣ್ಣ ಸಣ್ಣ ಬಾಟಲಿಗಳು. ಮಾತು ಕಡಿಮೆ, ಪ್ರಶ್ನೆ ಜಾಸ್ತಿ. ನಮ್ಮ ಕಥೆಯನ್ನೆಲ್ಲ ಕೇಳಿಕೊಂಡು, ನಾಲ್ವರಲ್ಲಿ ಯಾರಿಗೆ ಏನೂ ಆಗಲಿಲ್ಲ ಎಂದು ಕೇಳಿದಳು.

ಆಗ ನಮಗೆ ಹೊಳೆಯಿತು. ಮುತ್ತಣ್ಣನಿಗೆ ಏನೂ ಆಗಿರಲಿಲ್ಲ. ಮಿರ್ಚಿಯನ್ನು ಎಲ್ಲರಿಗಿಂತ ಹೆಚ್ಚು ತಿಂದವನೇ ಆತ.

"ನೀರು ಯಾವುದ ಕುಡದ್ರಿ ಅಣ್ಣಾರ?" ಎಂದಳು ಪ್ರಿಯಾಂಕಾ.

ಮುತ್ತಣ್ಣ ತಾಯಿಯ ಕಡೆ ನೋಡಿ, ನೆಲ ನೋಡಿ, ಕತ್ತು ಕೆರೆದುಕೊಂಡ. ಗಾಡಿಯ ನೀರಿನ ವಾಸನೆ ಸೇರದೆ, ಅವ್ವನಿಗೆ ಗೊತ್ತಾಗದ ಹಾಗೆ ಹೋಟೆಲುಗಳಲ್ಲಿ ಚಹಾ, ಅಂಗಡಿಯ ಬಾಟಲಿ ನೀರು ಕುಡಿದಿದ್ದನಂತೆ. ನೀಲಗಂಗವ್ವನಿಗೆ ಸಿಟ್ಟು ಬಂತು. ಹೊರಗಿನ ನೀರು ಕುಡಿದವನು ನೆಟ್ಟಗಿದ್ದಾನೆ, ಮನೆಯ ನೀರು ಕುಡಿದವರು ಮಲಗಿದರು ಎಂದರೆ ಯಾರಿಗಾದರೂ ಸಿಟ್ಟು ಬರಬೇಕಾದದ್ದೇ.

ಪ್ರಿಯಾಂಕಾ ಟಾಕಿಯ ನೀರು ಬೇಕು ಎಂದಳು. ನೀಲಗಂಗವ್ವ ಸೆರಗು ಸರಿಮಾಡಿಕೊಂಡು ಗಾಡಿಯ ಬಾಗಿಲಿಗೆ ಅಡ್ಡ ಬಂದಳು. ನೀನು ನೀರಿನ ನಳ ಮುಟ್ಟುವುದು ಬೇಡ ಎಂದಳು. ಯಾಕೆ ಎಂದು ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ, ನಮಗೆಲ್ಲ ಗೊತ್ತಿತ್ತು. ಪ್ರಿಯಾಂಕಾಳಿಗೂ ಗೊತ್ತಿತ್ತು. ಇದನ್ನು ಹೇಳಲು ನನಗೆ ನಾಚಿಕೆಯಾಗುತ್ತದೆ. ಆವತ್ತು ಬಾಯಿ ತೆರೆಯದೆ ನಿಂತದ್ದಕ್ಕೆ ಇನ್ನೂ ಹೆಚ್ಚು ನಾಚಿಕೆಯಾಗುತ್ತದೆ.

ಪ್ರಿಯಾಂಕಾ ಮುಖ ಕೆಡಿಸಿಕೊಳ್ಳಲಿಲ್ಲ. ಬಾಟಲಿಯನ್ನು ಶೈಲಾಳ ಕೈಗೆ ಕೊಟ್ಟಳು.

"ನಾ ಮುಟ್ಟಂಗಿಲ್ಲ ಆಯಿ. ನಿಮ್ಮ ಸೊಸಿ ಕೈಲೇನ ತುಂಬಸ್ರಿ. ಈ ಬಾಟ್ಲಿಗಿ ಯಾರ ಕೈ ಅಂತ ತಿಳಿಯಂಗಿಲ್ಲ. ನೀರು ಎಂಥಾದ್ದು ಅಂತ ಅಷ್ಟ ತಿಳೀತೈತಿ."

ಎರಡು ಬಾಟಲಿ ತುಂಬಿದವು. ಒಂದರಲ್ಲಿ ಮನೆಯ ಹಂಡೆಯ ನೀರು, ಇನ್ನೊಂದರಲ್ಲಿ ಗಾಡಿಯ ನಳದ ನೀರು. ಎರಡೂ ಊರಿನ ಅದೇ ನಳದಿಂದ ಬಂದದ್ದು. ಗಾಡಿಯ ಬಾಟಲಿಗೆ ಗುರುತಿಗೆಂದು ಒಂದು ಕುಂಕುಮದ ಬೊಟ್ಟು ಇಟ್ಟೆವು. ಎರಡು ದಿನ ಬೆಚ್ಚಗಿನ ಜಾಗದಲ್ಲಿಡಬೇಕು, ನೀರಿನಲ್ಲಿ ಹೊಟ್ಟೆ ಕೆಡಿಸುವ ಹುಳ ಇದ್ದರೆ ಕಪ್ಪಾಗುತ್ತದೆ, ಇಲ್ಲದಿದ್ದರೆ ಇದ್ದ ಹಾಗೇ ಇರುತ್ತದೆ ಎಂದಳು ಪ್ರಿಯಾಂಕಾ. ಯಾರೂ ಮೋಸ ಮಾಡಬಾರದೆಂದು ನೀಲಗಂಗವ್ವ ಎರಡನ್ನೂ ತನ್ನ ತಲೆದಿಂಬಿನ ಪಕ್ಕದ ಗೋಡೆಯ ಗೂಡಿನಲ್ಲಿಟ್ಟುಕೊಂಡಳು. ತಾನು ಪೂಜಿಸಿದ ನೀರು ಕಪ್ಪಾಗುವುದೇ ಇಲ್ಲ ಎಂದು ಆಕೆಗೆ ಅಷ್ಟು ಧೈರ್ಯ. ನನಗೂ ಅಷ್ಟೇ.

ಶುಕ್ರವಾರ ಮಧ್ಯಾಹ್ನ ಬೊಟ್ಟಿನ ಬಾಟಲಿ ಮಸುಕಾಯಿತು. ನೀಲಗಂಗವ್ವ ಅದನ್ನು ಬೆಳಕಿಗೆ ಹಿಡಿದು, ಒರೆಸಿ, ಮತ್ತೆ ಹಿಡಿದು ನೋಡಿದಳು. ಶನಿವಾರ ಬೆಳಿಗ್ಗೆ ಅದು ಕಾಡಿಗೆಯಷ್ಟು ಕಪ್ಪಾಗಿತ್ತು. ಮನೆಯ ನೀರಿನ ಬಾಟಲಿ ಇದ್ದ ಹಾಗೇ ಇತ್ತು.

ಪ್ರಿಯಾಂಕಾ ಬರುವ ಹೊತ್ತಿಗೆ ಮುತ್ತಣ್ಣ ಟಾಕಿಯ ಮೇಲಿದ್ದ. ಮುಚ್ಚಳ ಎತ್ತಿದವನೇ ಮೂಗಿಗೆ ಟವಲು ಒತ್ತಿಕೊಂಡ. ಎಲ್ಲ ಅಲ್ಲೇ ಇತ್ತು, ನಾವು ಕೊಟ್ಟದ್ದು. ಎಲೆಗಳು ಲೋಳೆಯಾಗಿದ್ದವು. ಬಾಳೆಹಣ್ಣು ಕರಗಿ ಸಿಪ್ಪೆ ಮಾತ್ರ ಉಳಿದಿತ್ತು. ಅಕ್ಕಿ ಕೊಳೆತು ತಳದಲ್ಲಿ ಗಂಜಿಯ ಹಾಗೆ ಕೂತಿತ್ತು. ಹಾಲಿನದು ಹೇಳುವುದೇ ಬೇಡ. ಮುಚ್ಚಳ ಸರಿಯಾಗಿ ಕೂಡದೆ ಸೊಳ್ಳೆಮರಿಗಳೂ ಆಡುತ್ತಿದ್ದವು. ನಾವು ಅದನ್ನೇ ಕಣ್ಣಿಗೆ ಒತ್ತಿಕೊಂಡು ಕುಡಿದಿದ್ದೆವು.

ನೀಲಗಂಗವ್ವ ಗಾಡಿಯ ಮೆಟ್ಟಿಲ ಮೇಲೆ ಕುಸಿದು ಕೂತಳು.

"ನನ್ನ ಕೈಯಾರೆ ಹಾಕಿದೆನವ್ವಾ. ಸೊಸಿಗಿ ನಾನ ಕುಡಿಸಿದೆ. ದೇವರ ಕೆಲಸ ಅಂತ ಮಾಡಿದೆ" ಎಂದು ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

ಇನ್ನು ಸುಮ್ಮನಿರುವುದು ನನ್ನಿಂದಾಗಲಿಲ್ಲ. ಹಾಲು ಹಾಕಿದವಳು ನಾನು, ಹಾಡಿದವಳು ನಾನು, ಒಬ್ಬಳೇ ಯಾಕೆ ಅಳುತ್ತೀ ಎಂದು ಪಕ್ಕದಲ್ಲಿ ಕೂತೆ. ಪ್ರಿಯಾಂಕಾ ಎದುರಿಗೆ ನೆಲದ ಮೇಲೆ ಕೂತಳು. ಪೂಜೆ ಮಾಡಿದ್ದು ತಪ್ಪು ಎಂದು ಒಂದು ಮಾತೂ ಆಡಲಿಲ್ಲ.

"ಗಂಗವ್ವ ಹರಿಯಾಕಿ ಆಯಿ. ಹರಿಯೋ ನೀರಾಗ ನಾಲ್ಕು ಹೂವು ಬಿಟ್ರ ಆಕಿ ತಗೊಂಡು ಹೋಗತಾಳ. ಟಾಕ್ಯಾಗ ಕೂಡಿ ಹಾಕಿ, ಮ್ಯಾಲ ಬಾಳಿಹಣ್ಣು, ಹಾಲು ಹಾಕಿ, ಬಿಸಲಾಗ ಹನ್ನೆರಡು ದಿನ ಇಟ್ರ ಆಕಿರ ಏನ ಮಾಡ್ಯಾಳು? ಕುಂಕುಮ ಟಾಕಿ ಹೊರಗ ಹಚ್ಚರಿ. ಒಳಗ ನೀರೊಂದ ಇರ್ಲಿ."

ನೀಲಗಂಗವ್ವ ಕಣ್ಣೊರೆಸಿಕೊಂಡು, ಈಗ ಏನು ಮಾಡಬೇಕು, ಅದನ್ನು ಹೇಳು ಎಂದಳು. ಪ್ರಿಯಾಂಕಾ ಕೆಳಗೆ ನಿಂತುಕೊಂಡೇ ಮುತ್ತಣ್ಣನಿಗೆ ಹೇಳತೊಡಗಿದಳು. ಮುತ್ತಣ್ಣ ಮೇಲಿನಿಂದ ಏನು, ಏನು ಎಂದು ಕೇಳುತ್ತಿದ್ದ. ಐದು ನಿಮಿಷ ಇದನ್ನು ನೋಡಿದ ನೀಲಗಂಗವ್ವ ಏಣಿಯ ಕಡೆ ಕೈ ಮಾಡಿದಳು.

"ಕೆಳಗ ನಿಂತು ಹೇಳಿದ್ರ ಅವಂಗ ತಿಳಿಯಂಗಿಲ್ಲ. ಮ್ಯಾಲ ಹತ್ತು ಯವ್ವಾ. ಟಾಕ್ಯಾಗ ಕೈ ಹಾಕಿ ತೋರಸು."

ಪ್ರಿಯಾಂಕಾ ಒಂದು ಕ್ಷಣ ಆಕೆಯ ಮುಖ ನೋಡಿದಳು. ಆಮೇಲೆ ಸೀರೆ ಸಿಕ್ಕಿಸಿಕೊಂಡು ಹತ್ತಿದಳು.

ಆ ದಿನ ಮಾಡಿದ್ದನ್ನು ನಿಮಗೂ ಹೇಳುತ್ತೇನೆ, ಕೇಳಿಸಿಕೊಳ್ಳಿ. ಟಾಕಿಯನ್ನು ಪೂರ್ತಿ ಖಾಲಿ ಮಾಡಿ, ಹೊಸ ಬ್ರಶ್ಶಿನಿಂದ ಗೋಡೆಯ ಲೋಳೆ ಹೋಗುವ ತನಕ ತಿಕ್ಕಿ, ಎರಡು ಸಲ ತೊಳೆದೆವು. ಒಂದು ಬಕೆಟ್ಟಿನಲ್ಲಿ ಐವತ್ತು ಗ್ರಾಂ ಬ್ಲೀಚಿಂಗ್ ಪುಡಿ ಕಲಸಿ, ಸುಣ್ಣದಂಥದ್ದು ತಳಕ್ಕೆ ಕೂತ ಮೇಲೆ ಮೇಲಿನ ತಿಳಿಯನ್ನಷ್ಟೇ ಟಾಕಿಗೆ ಹಾಕಿ ನೀರು ತುಂಬಿದೆವು. ಅದು ಮುನ್ನೂರು ಲೀಟರಿನ ಲೆಕ್ಕ, ಸಣ್ಣ ಟಾಕಿಗೆ ಕಡಿಮೆ ಸಾಕು. ಶೈಲಾ ಅದಕ್ಕೆ ಒಂದಿಷ್ಟು ಸೋಪಿನ ಪುಡಿಯನ್ನೂ ಹಾಕಲು ಹೋದಳು. ಪ್ರಿಯಾಂಕಾ ಕೈ ಹಿಡಿದಳು. ಬ್ಲೀಚಿಂಗಿನ ಜೊತೆ ಸೋಪಿನ ಪುಡಿ, ಆ್ಯಸಿಡ್ಡು ಏನನ್ನೂ ಬೆರೆಸಬಾರದು, ಬರುವ ಹೊಗೆ ಕೆಟ್ಟದ್ದು ಎಂದಳು. ಒಳಗಿನ ನಳ ತಿರುವಿ, ಬ್ಲೀಚಿಂಗಿನ ವಾಸನೆ ಬರುವ ತನಕ ನೀರು ಬಿಟ್ಟು ಬಂದ್ ಮಾಡಿದೆವು. ಟಾಕಿ ಒಂದನ್ನೇ ತೊಳೆದು ಪೈಪು ಬಿಟ್ಟರೆ ಕೆಲಸ ಅರ್ಧ ಆದಂತೆ. ಸಂಜೆಯ ತನಕ ಹಾಗೇ ಬಿಟ್ಟು, ಎಲ್ಲ ಹೊರಗೆ ಹರಿಸಿ, ವಾಸನೆ ಹೋಗುವ ತನಕ ಒಳ್ಳೆಯ ನೀರಿನಿಂದ ಜಾಲಿಸಿದೆವು.

ಎಮ್ಮೆಯ ಪೈಪು ಎಮ್ಮೆಗೇ ಇರಲಿ ಎಂದು ಮುತ್ತಣ್ಣ ಲಕ್ಷ್ಮೇಶ್ವರಕ್ಕೆ ಹೋಗಿ, ಕುಡಿಯುವ ನೀರಿಗೆಂದೇ ಮಾಡಿದ ಬಿಳಿ ಪೈಪು ತಂದ. ಟಾಕಿಗೆ ಬಿಗಿಯಾಗಿ ಕೂಡುವ ಮುಚ್ಚಳ, ಗಾಳಿ ಹೋಗುವ ತೂತಿಗೆ ಸಣ್ಣ ಜಾಳಿಗೆ. ಬೆಳಿಗ್ಗೆ ಹೊಸ ನೀರು ತುಂಬಿ ಮತ್ತೊಂದು ಬಾಟಲಿ ಪರೀಕ್ಷೆಗೆ ಇಟ್ಟೆವು. ಅಂದೇ ಐತವಾರ.

ಹತ್ತು ಗಂಟೆಗೆ ಗವಿಸಿದ್ದೇಶ ಬಂದ. ಗಾಡಿಯ ಸುತ್ತ ಒಂದು ಸುತ್ತು ಹಾಕಿ, ಟೈರು ಒದ್ದು ನೋಡಿ, ಮಾತು ಮುಗಿಸೋಣ ಎಂದ. ಮುತ್ತಣ್ಣ ತಾಯಿಯ ಕಡೆ ನೋಡಿದ. ಮಾತು ಕೊಟ್ಟದ್ದನ್ನು ಮುರಿಯುವುದೂ ಕಷ್ಟ, ಗಾಡಿ ಸರಿಹೋಗಿದೆ ಎಂದು ಎದೆ ತಟ್ಟಿ ಹೇಳುವುದೂ ಕಷ್ಟ. ಆಗ ನೀಲಗಂಗವ್ವ ಕಟ್ಟೆಯಿಂದ ಇಳಿದು ಬಂದಳು.

"ಮಂಗಳವಾರ ಮುಂಜಾನಿ ಬಾರಪ್ಪಾ. ಆ ಬಾಟ್ಲಿ ಕರ್ರಗಾತಂದ್ರ ಗಾಡಿ ನಿಂದು. ಆಗಲಿಲ್ಲಂದ್ರ ನಾ ಸಮುದ್ರಕ್ಕ ಹೊಂಟೇನಿ."

ಮುತ್ತಣ್ಣ ಬ್ಯಾಡ ಬೇ ಅವ್ವಾ ಎನ್ನುತ್ತಿದ್ದ. ಗವಿಸಿದ್ದೇಶ ನಕ್ಕು ಒಪ್ಪಿಕೊಂಡು ಹೋದ. ಆ ಎರಡು ದಿನ ನೀಲಗಂಗವ್ವ ಬಾಟಲಿ ಇಟ್ಟ ಗೂಡಿನ ಮುಂದಿನಿಂದ ಏಳಲಿಲ್ಲ. ಊಟಕ್ಕೆ ಕರೆದರೆ ಇಲ್ಲೇ ತಾ ಎನ್ನುತ್ತಿದ್ದಳು. ನಾನು ತಾಸಿಗೊಮ್ಮೆ ಹೋಗಿ ಇಣುಕುತ್ತಿದ್ದೆ. ಸೋಮವಾರ ಸಂಜೆ ನನ್ನ ಕಣ್ಣಿಗೆ ನೀರು ಸ್ವಲ್ಪ ಕಪ್ಪಾದಂತೆ ಕಂಡು ಜೀವ ಹಾರಿತು. ನನ್ನ ಕಣ್ಣಿನ ಚಾಳೀಸಿನ ಗಾಜಿಗೆ ಒಲೆಯ ಮಸಿ ಹತ್ತಿತ್ತು.

ಮಂಗಳವಾರ ಮುಂಜಾನೆ ಅಂಗಳದಲ್ಲಿ ಕಾಲಿಡಲು ಜಾಗ ಇರಲಿಲ್ಲ. ಕಾಲ್ಗುಣ ಎಂದವರು, ಕಣ್ಣು ಬಿದ್ದಿದೆ ಎಂದವರು, ನಮ್ಮ ಸಂಘದವರು, ಎಲ್ಲರೂ ಬಂದಿದ್ದರು. ನೀಲಗಂಗವ್ವ ಬಾಟಲಿಯನ್ನು ತಾನು ನೋಡಲಿಲ್ಲ. ಅಂಗೈಯಲ್ಲಿ ಮುಚ್ಚಿ ತಂದು ಪ್ರಿಯಾಂಕಾಳ ಕೈಗಿಟ್ಟಳು. ಪ್ರಿಯಾಂಕಾ ಅದನ್ನು ಬಿಸಿಲಿಗೆ ಎತ್ತಿ ಹಿಡಿದಳು.

ಕಪ್ಪಾಗಿರಲಿಲ್ಲ. ಇಟ್ಟಾಗ ಹೇಗಿತ್ತೋ ಹಾಗೇ ಇತ್ತು.

ಮುತ್ತಣ್ಣ ಸಿಳ್ಳೆ ಹೊಡೆದ, ನಲವತ್ತೆಂಟು ವರ್ಷದವನು. ಶೈಲಾ ನನ್ನನ್ನು ತಬ್ಬಿಕೊಂಡಳು. ನೀಲಗಂಗವ್ವ ಮನೆಯೊಳಗೆ ಹೋಗಿ, ತನ್ನ ಹಿತ್ತಾಳೆ ತಂಬಿಗೆ ತಂದಳು. ಅದನ್ನು ಹೊರಗಿನವರು ಯಾರೂ ಮುಟ್ಟಿದ್ದನ್ನು ನಾನು ಕಂಡಿಲ್ಲ. ಅದನ್ನು ಪ್ರಿಯಾಂಕಾಳಿಗೆ ಕೊಟ್ಟಳು.

"ಗಾಡಿ ನಳದ್ದು ತುಂಬಕೊಂಡು ಬಾ ಯವ್ವಾ. ನಿನ್ನ ಕೈಲೆ ಕೊಡು, ಕುಡೀತೇನಿ."

ಪ್ರಿಯಾಂಕಾ ಗಾಡಿಯೊಳಗೆ ಹೋಗಿ ತುಂಬಿ ತಂದಳು. ನೀಲಗಂಗವ್ವ ಎರಡೂ ಕೈಯಲ್ಲಿ ಇಸಿದುಕೊಂಡು, ಎಲ್ಲರ ಮುಂದೆ, ನಿಂತಲ್ಲೇ ಗಟಗಟ ಕುಡಿದು ತಂಬಿಗೆ ಖಾಲಿ ಮಾಡಿದಳು. ಸೆರಗಿನಿಂದ ಬಾಯಿ ಒರೆಸಿಕೊಂಡು, ನೀನೂ ಸಮುದ್ರಕ್ಕೆ ಬರಬೇಕು ಎಂದಳು. ನಾನು ಅತ್ತುಬಿಟ್ಟೆ. ಅಳುವುದಕ್ಕೆ ನನಗೆ ಏನೂ ನಾಚಿಕೆಯಾಗಲಿಲ್ಲ.

ಗವಿಸಿದ್ದೇಶ ಏನು ಮಾಡಿದ ಗೊತ್ತೇ? ಗಾಡಿಯ ಆಸೆ ಬಿಟ್ಟು, ಶಿರಹಟ್ಟಿಯಲ್ಲಿ ತನ್ನ ಈಗಿನ ಗಿರಮಿಟ್ ಅಂಗಡಿಯಲ್ಲೊಂದು ನೀರಿನ ಟಾಕಿ ಇದೆ, ಕಟ್ಟಿಸಿದ ದಿನದಿಂದ ಮುಚ್ಚಳ ತೆಗೆದಿಲ್ಲ, ಅದನ್ನು ಹೇಗೆ ಪರೀಕ್ಷೆ ಮಾಡಿಸುವುದು ಎಂದು ಪ್ರಿಯಾಂಕಾಳನ್ನು ಕೇಳುತ್ತ ನಿಂತ.

ಆ ಶುಕ್ರವಾರ ಐದು ಜನ ಹೊರಟೆವು. ಹುಬ್ಬಳ್ಳಿ ದಾಟಿ, ಯಲ್ಲಾಪುರ ದಾಟಿ ಘಟ್ಟ ಇಳಿದೆವು. ದಾರಿಯಲ್ಲಿ ಎರಡು ದಿನ ಅಲ್ಲಲ್ಲಿ ತಂಗಿ ಅಂಕೋಲಾ ಮುಟ್ಟುವಾಗ ಟಾಕಿ ಖಾಲಿಯಾಯಿತು. ನೋಡಿ, ಇಷ್ಟು ದಿನ ಇದೇ ಹೆದರಿಕೆ ಆಕೆಯನ್ನು ಮನೆಯಲ್ಲಿ ಕೂರಿಸಿತ್ತು. ಮನೆಯ ನೀರು ಮುಗಿದಿತ್ತು. ಇನ್ನು ಹೊರಗಿನ ನೀರೇ ಗತಿ.

ಪೆಟ್ರೋಲ್ ಪಂಪಿನ ಹತ್ತಿರ ಒಬ್ಬರು ಬೋರಿನ ನೀರು ತುಂಬಿಕೊಳ್ಳಿ ಎಂದು ಪ್ರೀತಿಯಿಂದ ಕರೆದರು. ನೀಲಗಂಗವ್ವ ಇಳಿದು ಹೋಗಿ ವಿಚಾರಣೆಗೆ ನಿಂತಳು. ಪರೀಕ್ಷೆ ಮಾಡಿಸಿದ್ದೀರಾ, ಎಂದು ಮಾಡಿಸಿದ್ದು? ಅವರು ಇಲ್ಲ ಎಂದರು. ಬೋರಿನ ನೀರಿನಲ್ಲಿ ಹಲ್ಲು, ಎಲುಬು ಕೆಡಿಸುವ ಫ್ಲೋರೈಡ್ ಇದ್ದರೆ ಕಾಸಿದರೂ ಹೋಗುವುದಿಲ್ಲ ಎಂದು ಪ್ರಿಯಾಂಕಾಳಿಂದ ಕಲಿತದ್ದನ್ನು ಅವರಿಗೇ ಒಪ್ಪಿಸಿ, ನಮಸ್ಕಾರ ಮಾಡಿ ಬಂದಳು. ಮುಂದೆ ಊರಿನ ಕುಡಿಯುವ ನೀರಿನ ನಳ ಸಿಕ್ಕಿತು. ಮೊದಲು ನಳದ ಬಾಯಿ ಒರೆಸಿಸಿದಳು. ಸ್ವಲ್ಪ ನೀರು ಹರಿಯಲು ಬಿಡಿಸಿದಳು. ನಮ್ಮದೇ ಬಿಳಿ ಪೈಪು ಹಚ್ಚಿಸಿದಳು. ಪೈಪಿನ ತುದಿ ನೆಲಕ್ಕೆ ತಾಗಿತೆಂದು ಮುತ್ತಣ್ಣನಿಗೆ ಬೈದು ಮತ್ತೆ ತೊಳೆಸಿದಳು. ತುಂಬಿದ ಮೇಲೆ ಪೈಪಿನ ಎರಡೂ ಬಾಯಿಗೆ ಬಿರಡೆ ಹಾಕಿ, ಬೇರೆ ಚೀಲದಲ್ಲಿ ಸುತ್ತಿಟ್ಟಳು. ಕ್ಲೋರಿನ್ ಗುಳಿಗೆಯ ಡಬ್ಬಿಯ ಮೇಲೆ ಬರೆದಷ್ಟೇ ಗುಳಿಗೆ ಹಾಕಿಸಿ, ಅರ್ಧ ತಾಸು ಯಾರಿಗೂ ನಳ ಮುಟ್ಟಗೊಡಲಿಲ್ಲ. ಕುಡಿಯುವುದಕ್ಕೆ ಬೇಕಾದದ್ದನ್ನು ಮಾತ್ರ ಚೆನ್ನಾಗಿ ಕುದಿಸಿ, ನಳವಿರುವ ಸ್ಟೀಲಿನ ಡಬ್ಬಿಯಲ್ಲಿ ಆರಿಸಿ ಮುಚ್ಚಿಟ್ಟಳು. ಯಾರೂ ಲೋಟ ಅದ್ದಬಾರದು ಎಂದು ತಾಕೀತು ಮಾಡಿದಳು. ಪ್ರಿಯಾಂಕಾ ಕೂತು ನಗುತ್ತಿದ್ದಳು. ಆಕೆಗೆ ಮಾಡಲು ಕೆಲಸವೇ ಉಳಿದಿರಲಿಲ್ಲ.

ಅಂಕೋಲಾದ ನೀರನ್ನು ನೀಲಗಂಗವ್ವ ಕುಡಿದಳು. ಗಂಟಲು ಹಿಡಿಯಲಿಲ್ಲ, ಹೊಟ್ಟೆ ಕೆಡಲಿಲ್ಲ. ಐವರಲ್ಲಿ ಒಬ್ಬರಿಗೂ ಏನೂ ಆಗಲಿಲ್ಲ.

ಮರುದಿನ ಬೆಳಿಗ್ಗೆ ಗೋಕರ್ಣ. ಮರಳಿನ ಮೇಲೆ ಚಪ್ಪಲಿ ಬಿಟ್ಟು ಆಕೆ ಮುಂದೆ ನಡೆದಳು, ನಾವು ಹಿಂದೆ. ತೆರೆ ಬಂದು ಪಾದ ಮುಟ್ಟಿ ಹಿಂದೆ ಹೋಯಿತು. ಮತ್ತೆ ಬಂತು. ಆಕೆ ಬಾಯಿ ತೆರೆದುಕೊಂಡು ಬಹಳ ಹೊತ್ತು ನಿಂತಳು. ಆಮೇಲೆ ಉಡಿಯಿಂದ ಒಂದು ಸೇವಂತಿಗೆ, ನಾಲ್ಕು ಕಾಳು ಅಕ್ಕಿ ತೆಗೆದಳು. ಮನೆಯಿಂದ ಕಟ್ಟಿಕೊಂಡು ಬಂದದ್ದು ನಮಗೆ ಯಾರಿಗೂ ಗೊತ್ತೇ ಇರಲಿಲ್ಲ. ಬಗ್ಗಿ ತೆರೆಯಲ್ಲಿ ಬಿಟ್ಟಳು. ಸಮುದ್ರ ಅದನ್ನು ತೆಗೆದುಕೊಂಡು ಹೋಯಿತು.

"ನೋಡ ಸುಮಿತ್ರಿ" ಎಂದಳು ನನ್ನ ಕಡೆ ತಿರುಗಿ. "ಉಡಿ ತುಂಬೋದು ಇಲ್ಲಿ. ಟಾಕ್ಯಾಗಲ್ಲ."

ಇಷ್ಟೇ ನಮ್ಮ ಕಥೆ. ಮನೆಗಾಡಿ ಇರುವವರಿಗಷ್ಟೇ ಇದು ಎಂದು ಎದ್ದು ಹೋಗಬೇಡಿ. ಕಬ್ಬು ಕಡಿಯಲು ಟ್ರ್ಯಾಕ್ಟರಿನಲ್ಲಿ ಹೋಗುವವರು, ಕುರಿ ಹಿಂದೆ ತಿರುಗುವವರು, ಪಾದಯಾತ್ರೆಗೆ ಟೆಂಪೋದಲ್ಲಿ ಡ್ರಮ್ಮು ಕಟ್ಟಿಕೊಂಡು ಹೋಗುವವರು, ನಿಮ್ಮೆಲ್ಲರ ಜೊತೆಗೂ ಒಂದು ಟಾಕಿ ಬರುತ್ತದೆ. ಇವತ್ತು ಸಂಜೆಯೊಳಗೆ ಅದರ ಮುಚ್ಚಳ ತೆಗೆದು ನೋಡಿ. ಹಳೆಯ ನೀರು ಎಷ್ಟೇ ಪೂಜೆಯಾಗಿದ್ದರೂ ಗಿಡಕ್ಕೆ ಹಾಕಿ. ತಿಕ್ಕಿ ತೊಳೆಯಿರಿ. ಪೈಪು ಬೇರೆ ಇಡಿ. ಗಾಡಿ ನಿಲ್ಲಿಸುವಾಗ ಟಾಕಿ ಖಾಲಿ ಮಾಡಿ ಒಣಗಿಸಿ, ಹೊರಡುವಾಗ ಹೊಸದಾಗಿ ತುಂಬಿ. ನಿಮ್ಮ ಊರಿನಲ್ಲೂ ಬಾಟಲಿಯ ಚೀಲ ಹೊತ್ತ ಪ್ರಿಯಾಂಕಾ ಒಬ್ಬಳಿರುತ್ತಾಳೆ, ಪಂಚಾಯಿತಿಯಲ್ಲಿ ಕೇಳಿ. ಆಕೆ ಬಂದಾಗ ಅಂಗಳದಲ್ಲಿ ನಿಲ್ಲಿಸಬೇಡಿ, ಒಳಗೆ ಕರೆದು ಮೊದಲು ಒಂದು ತಂಬಿಗೆ ನೀರು ಕೊಡಿ.

ನಮ್ಮ ನೀಲಗಂಗವ್ವ ಮುಂದಿನ ತಿಂಗಳು ಕನ್ಯಾಕುಮಾರಿಗೆ ಹೊರಟಿದ್ದಾಳೆ. ತಂಬಿಗೆಯನ್ನು ಮನೆಯಲ್ಲೇ ಬಿಟ್ಟು.